ಪಾರ್ಶ್ವವಾಯುವಿನ ನಂತರ ಕೈಗೆ ವಿದ್ಯುತ್ ಪ್ರಚೋದನೆ: ಹಾಸನದಲ್ಲಿ ಪಡೆದ ಚಿಕಿತ್ಸೆಯ ವಿಮರ್ಶೆ

ಪಾರ್ಶ್ವವಾಯು ಹೊಡೆದವರಲ್ಲಿ ಕಾಲು ಕೆಲವು ವಾರಗಳಲ್ಲಿ ಹೇಗೋ ನೆಲ ಹಿಡಿದು ನಡೆಯತೊಡಗಿದರೂ ಕೈ ಮಾತ್ರ ತಿಂಗಳುಗಟ್ಟಲೆ ಮುಷ್ಟಿ ಬಿಗಿದುಕೊಂಡೇ ಉಳಿಯುವುದನ್ನು ಬಹಳ ಮನೆಗಳಲ್ಲಿ ಕಾಣುತ್ತೇವೆ. ಬೆರಳು ಮಡಿಸುವ ಸ್ನಾಯುಗಳಿಗೆ ಬಲ ಮರಳುತ್ತದೆ, ಅದರ ಜೊತೆಗೆ ಸೆಡೆತವೂ ಬರುತ್ತದೆ. ಆದರೆ ಬೆರಳು ಬಿಡಿಸುವ ಸ್ನಾಯುಗಳು, ಅಂದರೆ ಮೊಣಕೈಯಿಂದ ಮಣಿಕಟ್ಟಿನತ್ತ ಮುಂಗೈಯ ಹೊರಬದಿಯಲ್ಲಿ ಸಾಗುವವು, ಮಿದುಳಿನ ಆಜ್ಞೆಗೆ ಓಗೊಡುವುದಿಲ್ಲ. ಬಿಡಿಸಲಾಗದ ಕೈಯಿಂದ ಹಿಡಿಯಲೂ ಆಗುವುದಿಲ್ಲ, ಏಕೆಂದರೆ ಲೋಟದ ಸುತ್ತ ಬೆರಳು ಹೋಗಬೇಕಾದರೆ ಮೊದಲು ಅಂಗೈ ತೆರೆದುಕೊಳ್ಳಬೇಕು, ಹಿಡಿದದ್ದನ್ನು ಇಡಬೇಕಾದರೂ ಅದು ಮತ್ತೆ ತೆರೆದುಕೊಳ್ಳಬೇಕು. ಈ ತೆರೆಯುವ ಕೆಲಸವನ್ನು ವಿದ್ಯುತ್ ಪ್ರಚೋದನೆಯಿಂದ ಮರಳಿ ಕಲಿಸುವ ಚಿಕಿತ್ಸೆ ಹಾಸನದಲ್ಲಿ ಹೇಗೆ ಸಿಗುತ್ತದೆ, ಅದಕ್ಕೆ ಕೊಡುವ ಹಣ ಮತ್ತು ಸಮಯ ಸಾರ್ಥಕವೇ ಎಂಬುದನ್ನು ನಮ್ಮ ಚಿಕ್ಕಪ್ಪನವರ ಬಲಗೈಗೆ ಆದ ಚಿಕಿತ್ಸೆಯ ಆಧಾರದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕಪ್ಪನವರು ಆಲೂರು ತಾಲ್ಲೂಕಿನಲ್ಲಿ ಶುಂಠಿ, ಆಲೂಗಡ್ಡೆ ಬೆಳೆಯುವ ಕೃಷಿಕರು, ವಯಸ್ಸು ಅರವತ್ತು ದಾಟಿದೆ. ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿಕೊಂಡು ಬಲಭಾಗ ಸೋತಿತ್ತು. ಮಾತು ಬೇಗ ಮರಳಿತು, ಕೋಲಿನ ಆಸರೆಯಲ್ಲಿ ನಡಿಗೆಯೂ ಬಂತು. ಆಸ್ಪತ್ರೆಯಿಂದ ಮನೆಗೆ ಬಂದ ಎರಡನೆಯ ತಿಂಗಳಲ್ಲಿ ನರರೋಗ ತಜ್ಞರು ಕೈಗೆ ಫಿಸಿಯೋಥೆರಪಿಯ ಜೊತೆ ಕರೆಂಟ್ ಕೊಡಿಸಿ ನೋಡಿ ಎಂದು ಬರೆದುಕೊಟ್ಟರು. ಕರೆಂಟ್ ಎಂಬ ಮಾತು ಕೇಳಿದೊಡನೆ ಮಾನಸಿಕ ಕಾಯಿಲೆಗೆ ತಲೆಗೆ ಕೊಡುವ ಶಾಕ್ ಚಿಕಿತ್ಸೆಯೇ ಇದು ಎಂದು ಚಿಕ್ಕಮ್ಮ ಹೆದರಿದ್ದರು. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇಲ್ಲಿ ಚರ್ಮದ ಮೇಲೆ ಅಂಟಿಸಿದ ಎರಡು ಪ್ಯಾಡ್‌ಗಳ ನಡುವೆ ಮಿಲಿಆಂಪಿಯರ್‌ಗಳಲ್ಲಿ ಅಳೆಯುವಷ್ಟು ಅಲ್ಪ ವಿದ್ಯುತ್ ಚಿಕ್ಕ ಚಿಕ್ಕ ಮಿಡಿತಗಳಾಗಿ ಹರಿಯುತ್ತದೆ. ಮೊದಲು ಇರುವೆ ಹರಿದಂತೆ ಅನ್ನಿಸುತ್ತದೆ, ಪ್ರಮಾಣ ಇನ್ನಷ್ಟು ಏರಿದಾಗ ಬೆರಳುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಚಿಕಿತ್ಸೆಯ ಗುಣಮಟ್ಟವನ್ನು ಅಳೆಯಬೇಕಾದರೆ ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿದಿರಬೇಕು. ಪಾರ್ಶ್ವವಾಯುವಿನಲ್ಲಿ ಪೆಟ್ಟು ಬಿದ್ದಿರುವುದು ಮಿದುಳಿಗೆ. ಬೆನ್ನುಹುರಿಯಿಂದ ಸ್ನಾಯುವಿಗೆ ಬರುವ ನರ ಕೆಡದೆ ಉಳಿದಿರುತ್ತದೆ. ಆದ್ದರಿಂದಲೇ 200ರಿಂದ 300 ಮೈಕ್ರೋಸೆಕೆಂಡ್‌ನಷ್ಟು ಅಲ್ಪಾವಧಿಯ ಮಿಡಿತವೂ ಆ ನರವನ್ನು ಕೆರಳಿಸಿ ಸ್ನಾಯುವನ್ನು ಕುಗ್ಗಿಸಬಲ್ಲದು. ಇಂಥ ಮಿಡಿತಗಳನ್ನು ಸೆಕೆಂಡಿಗೆ 35ರ ಆಸುಪಾಸಿನಲ್ಲಿ ಕೊಟ್ಟರೆ ಬೆರಳು ನಡುಗದೆ ಒಂದೇ ಸಮನೆ ತೆರೆದು ನಿಲ್ಲುತ್ತದೆ, ಸ್ನಾಯು ಬೇಗ ದಣಿಯುವುದೂ ಇಲ್ಲ. ಇದರ ಮೊದಲ ಪ್ರಸಿದ್ಧ ಬಳಕೆ ಕೈಗಾಗಿ ಇರಲಿಲ್ಲ: 1961ರಲ್ಲಿ ಅಮೆರಿಕದ ಲಿಬರ್ಸನ್ ಮತ್ತು ಸಂಗಡಿಗರು ನಡೆಯುವಾಗ ಪಾದ ಜೋತುಬೀಳುವವರಿಗೆ ಹಿಮ್ಮಡಿಯ ಕೆಳಗೊಂದು ಸ್ವಿಚ್ ಇಟ್ಟು, ಹೆಜ್ಜೆ ಎತ್ತಿದಾಗ ಕರೆಂಟ್ ಹರಿದು ಪಾದ ಮೇಲೇಳುವಂತೆ ಮಾಡಿದ್ದರು. ಕರೆಂಟ್ ಒಂದು ಕೆಲಸದ ಜೊತೆ ಹೊಂದಿಕೊಂಡೇ ಬರಬೇಕೆಂಬ ವಿಚಾರ ಅಲ್ಲಿಯೇ ಇತ್ತು. ಇಂದು ನಮ್ಮ ಕೇಂದ್ರಗಳಲ್ಲಿ ಮರೆಯಾಗುತ್ತಿರುವುದು ಸರಿಯಾಗಿ ಅದೇ.

ನಗರದ ಒಂದು ಕೇಂದ್ರದಲ್ಲಿ ಮೊದಲು ತೋರಿಸಿದೆವು. ಅಲ್ಲಿ ಚಿಕ್ಕಪ್ಪನವರನ್ನು ಮಂಚದ ಮೇಲೆ ಮಲಗಿಸಿ, ಮುಂಗೈಯ ಮೇಲೆರಡು ಕೆಳಗೆರಡು ರಬ್ಬರ್ ಪ್ಯಾಡ್ ಕಟ್ಟಿ, ಯಂತ್ರಕ್ಕೆ ಸಮಯ ಹೊಂದಿಸಿ, ಸಿಬ್ಬಂದಿ ಪಕ್ಕದ ಮಂಚಕ್ಕೆ ಹೋಗಿಬಿಡುತ್ತಿದ್ದರು. ಗಂಟೆ ಹೊಡೆದಾಗ ಬಂದು ಬಿಚ್ಚುತ್ತಿದ್ದರು. ಮಡಿಸುವ ಸ್ನಾಯುಗಳಿಗೂ ಕರೆಂಟ್ ಹೋಗುತ್ತಿದ್ದುದರಿಂದ ಎಷ್ಟೋ ಸಲ ಮುಷ್ಟಿ ತೆರೆಯುವ ಬದಲು ಇನ್ನೂ ಬಿಗಿಯಾಗುವುದನ್ನು ನಾನೇ ನೋಡಿದೆ. ಚಿಕ್ಕಪ್ಪನವರು ಆ ಹೊತ್ತಿನಲ್ಲಿ ನಿದ್ದೆ ಹೋಗುತ್ತಿದ್ದರು. ಕೇಳಿದಾಗ ‘ಕರೆಂಟ್ ತನ್ನ ಕೆಲಸ ಮಾಡುತ್ತೆ, ನೀವು ಯೋಚನೆ ಮಾಡಬೇಡಿ’ ಎಂಬ ಉತ್ತರ ಬಂತು. ಇಂಥ ಸೇವೆಗೆ ಹಣ ಕೊಡುವುದು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳ್ಳಿಯಿಂದ ರೋಗಿಯನ್ನು ಬಸ್ಸು ಹತ್ತಿಸಿ ಇಳಿಸಿ ಕರೆತರುವ ಮನೆಯವರ ಶ್ರಮ ಅಷ್ಟು ಅಗ್ಗದ್ದಲ್ಲ.

ನಂತರ ಹೋದದ್ದು ಸಾಲಗಾಮೆ ರಸ್ತೆಯ ಕಡೆಯ ಒಂದು ಚಿಕ್ಕ ಫಿಸಿಯೋಥೆರಪಿ ಕೇಂದ್ರಕ್ಕೆ. ಈ ವಿಮರ್ಶೆಯ ಮುಖ್ಯ ವಿಷಯ ಅಲ್ಲಿ ಸಿಕ್ಕ ಚಿಕಿತ್ಸೆ. ಯಂತ್ರ ಹೊಸದೇನೂ ಅಲ್ಲ, ಎರಡು ಚಾನೆಲ್‌ನ, ಅಂದರೆ ಎರಡು ಜೋಡಿ ಪ್ಯಾಡ್‌ಗಳಿಗೆ ಬೇರೆ ಬೇರೆಯಾಗಿ ಕರೆಂಟ್ ಕೊಡಬಲ್ಲ, ಸಾಮಾನ್ಯ ಮಸಲ್ ಸ್ಟಿಮ್ಯುಲೇಟರ್. ಮೊದಲ ಕೇಂದ್ರದ ಯಂತ್ರಕ್ಕಿಂತ ನೋಡಲು ಹಳೆಯದು. ವ್ಯತ್ಯಾಸವಿದ್ದದ್ದು ಅದನ್ನು ನಡೆಸುವ ಕೈಯಲ್ಲಿ. ಮೊದಲ ದಿನ ಫಿಸಿಯೋಥೆರಪಿಸ್ಟ್ ಯಂತ್ರವನ್ನು ಮುಟ್ಟಲೇ ಇಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದಾರೆಯೇ, ಫಿಟ್ಸ್ ಬಂದದ್ದುಂಟೇ, ಕ್ಯಾನ್ಸರ್‌ಗೆ ಚಿಕಿತ್ಸೆ ಆಗಿದೆಯೇ, ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂದು ವಿಚಾರಿಸಿ, ಹತ್ತಿಯಿಂದಲೂ ಮೊಂಡು ಪಿನ್ನಿನಿಂದಲೂ ಮುಂಗೈ ಮುಟ್ಟಿ ಸ್ಪರ್ಶ ತಿಳಿಯುತ್ತದೆಯೇ ಎಂದು ಪರೀಕ್ಷಿಸಿದರು. ಸ್ಪರ್ಶ ತಿಳಿಯದ ಚರ್ಮಕ್ಕೆ ಕರೆಂಟ್ ಹೆಚ್ಚಾದರೆ ಸುಟ್ಟರೂ ರೋಗಿಗೆ ಗೊತ್ತಾಗುವುದಿಲ್ಲ. ಪೇಸ್‌ಮೇಕರ್ ಇದ್ದವರಿಗಂತೂ ಈ ಚಿಕಿತ್ಸೆಯಿಂದ ಅಪಾಯವಿದೆ. ಈ ಪ್ರಶ್ನೆಗಳನ್ನು ಕೇಳದೆ ಪ್ಯಾಡ್ ಅಂಟಿಸುವ ಕೇಂದ್ರ ಯಾವುದೇ ಆಗಿರಲಿ, ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.

ಎರಡನೆಯ ಭೇಟಿಯಲ್ಲಿ ಪ್ಯಾಡ್ ಇಡುವ ಜಾಗಕ್ಕಾಗಿ ಅವರು ಪಟ್ಟ ಶ್ರಮವನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಚಿಕಿತ್ಸೆಯ ಕೌಶಲವೆಲ್ಲ ಇರುವುದು ಅಲ್ಲಿ. ಮೊಣಕೈಯ ಸ್ವಲ್ಪ ಕೆಳಗೆ ಹೊರಬದಿಯಲ್ಲಿ ಒಂದು ಪ್ಯಾಡ್, ಮಣಿಕಟ್ಟಿನ ಕಡೆಗೆ ಇನ್ನೊಂದು ಇಟ್ಟು ಕರೆಂಟ್ ಏರಿಸಿದಾಗ ಮಣಿಕಟ್ಟು ಮಾತ್ರ ಮೇಲಕ್ಕೆ ಸೆಟೆದು ನಿಂತು ಬೆರಳುಗಳು ಮಡಿಸಿಕೊಂಡೇ ಇದ್ದವು. ಮಣಿಕಟ್ಟನ್ನು ಎತ್ತುವ ಸ್ನಾಯುವೂ ಬೆರಳನ್ನು ಬಿಡಿಸುವ ಸ್ನಾಯುವೂ ಅಕ್ಕಪಕ್ಕದಲ್ಲಿರುವುದರಿಂದ ಹೀಗಾಗುತ್ತದೆ ಎಂದು ತೋರಿಸಿ, ಮೇಲಿನ ಪ್ಯಾಡನ್ನು ಒಂದು ಬೆರಳಗಲದಷ್ಟು ಕಿರುಬೆರಳಿನ ಬದಿಗೆ ಸರಿಸಿದರು. ಮತ್ತೆ ನೋಡಿ, ಸ್ವಲ್ಪ ಕೆಳಕ್ಕೆ ಇಳಿಸಿದರು. ಹೀಗೆ ಸರಿಸುತ್ತ ಸರಿಸುತ್ತ ನಾಲ್ಕೂ ಬೆರಳು ಒಟ್ಟಿಗೆ ತೆರೆದ ಜಾಗ ಸಿಕ್ಕಿದಾಗ ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಹೆಬ್ಬೆರಳಿಗೆ ಎರಡನೆಯ ಚಾನೆಲ್ ಬೇಕಾಯಿತು. ಅಂಗೈ ಕೆಳಗಾಗಿದ್ದಾಗ ಸರಿಯಾಗಿದ್ದ ಜಾಗ, ಕೈಯನ್ನು ಪಕ್ಕಕ್ಕೆ ತಿರುಗಿಸಿದಾಗ ಸರಿಯಾಗುವುದಿಲ್ಲ, ಏಕೆಂದರೆ ಚರ್ಮದ ಕೆಳಗೆ ಸ್ನಾಯು ಸರಿಯುತ್ತದೆ. ಲೋಟ ಹಿಡಿಯುವ ಭಂಗಿಯಲ್ಲಿಯೇ ಕೈಯನ್ನಿಟ್ಟು ಜಾಗ ಹುಡುಕಿದ್ದು ಅವರ ಅನುಭವಕ್ಕೆ ಸಾಕ್ಷಿ.

ಎಣ್ಣೆಯ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಸೋತ ಕೈಗೆ ದಿನವೂ ಹರಳೆಣ್ಣೆಯನ್ನೋ ನಾಟಿ ಔಷಧದ ಎಣ್ಣೆಯನ್ನೋ ತಿಕ್ಕುವ ರೂಢಿ ಇದೆ. ಎಣ್ಣೆಯ ಪದರವಿರುವ ಚರ್ಮದಲ್ಲಿ ವಿದ್ಯುತ್ ಸಮನಾಗಿ ಹರಿಯುವುದಿಲ್ಲ, ಪ್ಯಾಡ್ ಸರಿಯಾಗಿ ಕೂರುವುದೂ ಇಲ್ಲ. ಒಂದು ಅಂಚಿನಲ್ಲಿ ಮಾತ್ರ ಅಂಟಿಕೊಂಡ ಪ್ಯಾಡ್ ಅಲ್ಲಿಯೇ ಚುಚ್ಚುತ್ತದೆ. ಕೇಂದ್ರದವರು ಇದಕ್ಕಾಗಿ ಚಿಕ್ಕಮ್ಮನವರನ್ನು ಗದರಲಿಲ್ಲ. ಎಣ್ಣೆ ತಿಕ್ಕುವುದನ್ನು ರಾತ್ರಿಗೆ ಇಟ್ಟುಕೊಳ್ಳಿ, ಬರುವ ಮುನ್ನ ಸೋಪು ಹಾಕಿ ತೊಳೆದು ಒರೆಸಿಕೊಂಡು ಬನ್ನಿ ಎಂದಷ್ಟೇ ತಿಳಿಹೇಳಿದರು. ಮನೆಯವರ ನಂಬಿಕೆಗೂ ಚಿಕಿತ್ಸೆಗೂ ಜಗಳ ಹಚ್ಚದ ಈ ನಡವಳಿಕೆ ನನಗೆ ಬಹಳ ಹಿಡಿಸಿತು.

ಇನ್ನು ಚಿಕಿತ್ಸೆಯ ತಿರುಳು. ಕರೆಂಟ್ ಏರುವ ಮುನ್ನ ಥೆರಪಿಸ್ಟ್ ಪ್ರತಿ ಸಲವೂ ‘ಯಜಮಾನ್ರೇ, ಈಗ ನೀವೂ ಬಿಡಿಸಿ’ ಎನ್ನುತ್ತಿದ್ದರು. ಚಿಕ್ಕಪ್ಪನವರು ಮನಸ್ಸಿಟ್ಟು ಪ್ರಯತ್ನಿಸಿದ ಮೇಲೆಯೇ ಗುಂಡಿ ತಿರುಗಿಸುತ್ತಿದ್ದರು. ಕರೆಂಟ್ ಮೆಲ್ಲನೆ ಏರಿ, ಕೆಲವು ಸೆಕೆಂಡು ನಿಂತು, ಮೆಲ್ಲನೆ ಇಳಿಯುತ್ತಿತ್ತು. ಅದರ ಎರಡರಷ್ಟು ಹೊತ್ತು ಬಿಡುವು. ತೆರೆದ ಕೈಗೆ ಖಾಲಿ ಲೋಟವನ್ನೋ ಮರದ ತುಂಡನ್ನೋ ಕೊಟ್ಟು, ಕರೆಂಟ್ ಇಳಿದಾಗ ಹಿಡಿಸಿ, ಮುಂದಿನ ಸುತ್ತಿನಲ್ಲಿ ಬೇರೆ ಕಡೆ ಇಡಿಸುತ್ತಿದ್ದರು. ಅಂದರೆ ವಿದ್ಯುತ್ತು ಇಲ್ಲಿ ಹಿಡಿದು ಬಿಡುವ ಅಭ್ಯಾಸದ ಒಂದು ಭಾಗ ಮಾತ್ರ. ಮನಸ್ಸಿನ ಪ್ರಯತ್ನ ಜೊತೆಗಿರಬೇಕು ಎನ್ನುವುದಕ್ಕೆ ಸಂಶೋಧಕ ಡಿ.ಎನ್. ರಶ್ಟನ್ 2003ರಲ್ಲಿ ಒಂದು ವಿವರಣೆಯನ್ನು ಮುಂದಿಟ್ಟಿದ್ದರು: ಚರ್ಮದ ಮೇಲಿಂದ ಕೆರಳಿಸಿದ ಚಾಲಕ ನರದಲ್ಲಿ ಸಂದೇಶವು ಸ್ನಾಯುವಿನ ಕಡೆಗೆ ಮಾತ್ರವಲ್ಲದೆ ಹಿಮ್ಮುಖವಾಗಿ ಬೆನ್ನುಹುರಿಯ ಕಡೆಗೂ ಹೋಗುತ್ತದೆ, ಅದೇ ಕ್ಷಣದಲ್ಲಿ ಮಿದುಳಿನಿಂದ ‘ಬಿಡಿಸು’ ಎಂಬ ಆಜ್ಞೆ, ಎಷ್ಟೇ ಕ್ಷೀಣವಾಗಿದ್ದರೂ, ಅಲ್ಲಿಗೆ ಬಂದು ತಲುಪಿದರೆ ಅವೆರಡು ಕೂಡುವ ಸಂಪರ್ಕ ಬಲಗೊಳ್ಳಬಹುದು. ಇದು ಊಹೆಯ ಮಟ್ಟದ ವಿವರಣೆಯೇ ಆದರೂ, ನಿದ್ದೆ ಹೋಗುವ ರೋಗಿಗೆ ಕೊಡುವ ಕರೆಂಟಿಗೂ ಪ್ರಯತ್ನಿಸುವ ರೋಗಿಗೆ ಕೊಡುವ ಕರೆಂಟಿಗೂ ನಡುವಿನ ಅಂತರವನ್ನು ಅರ್ಥಮಾಡಿಸುತ್ತದೆ.

ಈ ತತ್ತ್ವವನ್ನೇ ಮುಂದುವರಿಸಿದ ಒಂದು ವಿಧಾನ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರೂಪುಗೊಂಡಿದೆ. ಅಲ್ಲಿ ರೋಗಿಯ ಸರಿಯಿರುವ ಕೈಗೆ ಸೆನ್ಸರ್‌ಗಳಿರುವ ಕೈಗವಸು ತೊಡಿಸುತ್ತಾರೆ. ಅದನ್ನು ಎಷ್ಟು ತೆರೆದರೆ ಸೋತ ಕೈಗೆ ಅಷ್ಟೇ ಪ್ರಮಾಣದ ಕರೆಂಟ್ ಹೋಗಿ ಅದೂ ತೆರೆದುಕೊಳ್ಳುತ್ತದೆ. ಜೇಮ್ ನಟ್ಸನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾರ್ಶ್ವವಾಯು ಆಗಿ 6 ತಿಂಗಳು ದಾಟಿದ 80 ಮಂದಿಗೆ 12 ವಾರಗಳ ಚಿಕಿತ್ಸೆ ಕೊಟ್ಟು, ಒಂದು ನಿಮಿಷದಲ್ಲಿ ಎಷ್ಟು ಮರದ ತುಂಡುಗಳನ್ನು ಪೆಟ್ಟಿಗೆಯ ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸಬಲ್ಲರು ಎಂದು ಅಳೆದರು. ಚಿಕಿತ್ಸೆ ಮುಗಿದ 6 ತಿಂಗಳ ನಂತರ ಕೈಗವಸಿನ ಗುಂಪಿನವರು ಸರಾಸರಿ 4.6 ತುಂಡುಗಳಷ್ಟು, ಯಂತ್ರವೇ ತನ್ನ ಲೆಕ್ಕಕ್ಕೆ ಕರೆಂಟ್ ಕೊಟ್ಟ ಗುಂಪಿನವರು 1.8 ತುಂಡುಗಳಷ್ಟು ಸುಧಾರಿಸಿದ್ದರು. ಪಾರ್ಶ್ವವಾಯು ಆಗಿ ಎರಡು ವರ್ಷ ದಾಟಿರದ, ಕೈ ತೀರಾ ಸೋತಿರದವರಲ್ಲಿ ಲಾಭ ಹೆಚ್ಚಾಗಿತ್ತು. ಅಂಥ ಕೈಗವಸು ನಾನು ನೋಡಿದ ಹಾಸನದ ಯಾವ ಕೇಂದ್ರದಲ್ಲಿಯೂ ಇರಲಿಲ್ಲ. ಆದರೆ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಒಟ್ಟಿಗೆ ಬಿಡಿಸಲು ಹೇಳಿ, ಎಡಗೈ ತೆರೆಯುವ ವೇಗವನ್ನು ನೋಡಿಕೊಂಡು ಬಲಗೈಯ ಕರೆಂಟನ್ನು ಕೈಯಾರೆ ಏರಿಸುವ ಕ್ರಮವನ್ನು ಈ ಥೆರಪಿಸ್ಟ್ ಅನುಸರಿಸುತ್ತಿದ್ದರು. ಯಂತ್ರದಲ್ಲಿ ಇಲ್ಲದ್ದನ್ನು ತಮ್ಮ ಗಮನದಿಂದ ತುಂಬಿಕೊಟ್ಟ ಅವರ ಶ್ರದ್ಧೆಯನ್ನು ಮನಸಾರೆ ಮೆಚ್ಚುತ್ತೇನೆ.

ಅಷ್ಟಾದರೂ ಸುಧಾರಣೆಯೆಲ್ಲ ಕರೆಂಟಿನ ಫಲ ಎಂದು ಹೇಳಲಾರೆ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ತಾನಾಗಿಯೇ ವೇಗವಾಗಿರುತ್ತದೆ, ನಮ್ಮ ಚಿಕಿತ್ಸೆ ನಡೆದದ್ದೂ ಬಹುಪಾಲು ಆ ಕಾಲದಲ್ಲಿಯೇ. 2016ರಲ್ಲಿಯೇ ಪ್ರಕಟವಾದ, 122 ಮಂದಿಯನ್ನು ಒಳಗೊಂಡ ಇನ್ನೊಂದು ಅಧ್ಯಯನದಲ್ಲಿ, ಪಾರ್ಶ್ವವಾಯು ಆದ 6 ತಿಂಗಳೊಳಗಿನವರಿಗೆ ಮೂರು ಬಗೆಯ ಪ್ರಚೋದನೆ ಕೊಟ್ಟು ನೋಡಿದಾಗ ಮೂರೂ ಗುಂಪಿನವರು ಸುಧಾರಿಸಿದರು, ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅವುಗಳಲ್ಲೊಂದು ಬೆರಳನ್ನೇ ಚಲಿಸದ, ಬರಿಯ ಸ್ಪರ್ಶಮಟ್ಟದ ಕರೆಂಟ್. ಅಮೆರಿಕದ ಹೃದಯ ಮತ್ತು ಪಾರ್ಶ್ವವಾಯು ಸಂಘಟನೆಗಳ 2016ರ ಮಾರ್ಗಸೂಚಿಯೂ ಅಳತೆಯ ಮಾತನ್ನೇ ಆಡುತ್ತದೆ: ಮೊದಲ ಕೆಲವು ತಿಂಗಳಲ್ಲಿ ಸ್ವಂತ ಚಲನೆ ಬಹಳ ಕಡಿಮೆ ಇರುವವರಿಗೆ ಅಥವಾ ಭುಜದ ಕೀಲು ಜಾರಿದವರಿಗೆ ಇದನ್ನು ಪರಿಗಣಿಸುವುದು ಸಮಂಜಸ. ಹೀಗಿರುವಾಗ ‘ಇಷ್ಟು ದಿನ ಕರೆಂಟ್ ಕೊಟ್ಟರೆ ಕೈ ಪೂರ್ತಿ ಸರಿಹೋಗುತ್ತದೆ’ ಎಂದು ಬರೆದ ಫಲಕಗಳನ್ನು ನಂಬಿ ಮುಂಗಡವಾಗಿ ಪ್ಯಾಕೇಜ್ ಹಣ ಕಟ್ಟುವುದು ಬೇಡ. ನಾವು ಮೆಚ್ಚಿದ ಕೇಂದ್ರದಲ್ಲಿ ಪ್ಯಾಕೇಜ್ ಇರಲಿಲ್ಲ, ಆಯಾ ದಿನದ ಹಣ ಆಯಾ ದಿನ. ತುಂಡುಗಳನ್ನು ದಾಟಿಸುವ ಲೆಕ್ಕವನ್ನು ಆಗಾಗ ಬರೆದಿಟ್ಟು, ‘ಇನ್ನು ಮುಂದೆ ಕೇಂದ್ರಕ್ಕೆ ದಿನವೂ ಬರುವ ಅಗತ್ಯವಿಲ್ಲ’ ಎಂದು ಅವರೇ ಹೇಳಿದರು.

ಫಲ ಏನೆಂದು ಕೇಳುವವರಿಗೆ ಊಟದ ಉದಾಹರಣೆಯನ್ನೇ ಕೊಡುತ್ತೇನೆ. ನಮ್ಮ ಕಡೆ ಬಲಗೈಯಲ್ಲಿ ಉಣ್ಣಲಾಗದಿರುವುದು ಮನುಷ್ಯನನ್ನು ಎಷ್ಟು ಕುಗ್ಗಿಸುತ್ತದೆ ಎಂಬುದನ್ನು ವಿದೇಶದ ಯಾವ ಅಳತೆಪಟ್ಟಿಯೂ ಹಿಡಿಯಲಾರದು. ಎಡಗೈಯಲ್ಲಿ ಚಮಚ ಹಿಡಿಯಬೇಕಾಗಿದ್ದರಿಂದ ಚಿಕ್ಕಪ್ಪನವರು ನೆಂಟರ ಮನೆಯ ಊಟವನ್ನೇ ಬಿಟ್ಟಿದ್ದರು. ಥೆರಪಿಸ್ಟ್ ಇದನ್ನು ತಿಳಿದು, ಮರದ ತುಂಡಿನ ಅಭ್ಯಾಸ ಕುದುರಿದ ಮೇಲೆ ಮನೆಯಿಂದ ರಾಗಿ ಮುದ್ದೆಯನ್ನೇ ಡಬ್ಬಿಯಲ್ಲಿ ತರಲು ಹೇಳಿದರು. ಮುದ್ದೆ ಮುರಿಯಲು ಹೆಬ್ಬೆರಳು ಎದುರಾಗಿ ಬರಬೇಕು, ಉಂಡೆ ಮಾಡಲು ಬೆರಳುಗಳು ಅರ್ಧ ತೆರೆದು ಅರ್ಧ ಮಡಿಸಬೇಕು, ಸಾರಿಗೆ ಅದ್ದಿ ಬಾಯಿಗೆ ಒಯ್ಯಲು ಮಣಿಕಟ್ಟು ತಿರುಗಬೇಕು. ಕೈಯ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಯಾಮ ಸಿಗುವುದು ಕಷ್ಟ. ಮುದ್ದೆ ಅಂಟುವುದರಿಂದ ಬಿಗಿ ಹಿಡಿತವಿಲ್ಲದ ಕೈಯಿಂದಲೂ ಬೇಗ ಜಾರುವುದಿಲ್ಲ. ಈಗ ಚಿಕ್ಕಪ್ಪನವರು ಕರೆಂಟಿಲ್ಲದೆಯೇ ಬಲಗೈಯಲ್ಲಿ ಮುದ್ದೆ ಉಣ್ಣುತ್ತಾರೆ, ನೀರಿನ ಲೋಟ ಹಿಡಿದು ಇಡುತ್ತಾರೆ. ಅನ್ನ ಸಾರು ಕಲಸಿ ತುತ್ತು ಎತ್ತುವಾಗ ಅರ್ಧ ಚೆಲ್ಲುತ್ತದೆ. ಅಂಗಿಯ ಗುಂಡಿ ಹಾಕಲು, ಕಾಳುಮೆಣಸು ಬಿಡಿಸಲು ಆಗುವುದಿಲ್ಲ. ಚಳಿಯ ಬೆಳಗಿನಲ್ಲಿ ಬೆರಳು ಮತ್ತೆ ಸೆಡೆಯುತ್ತದೆ, ಬಿಸಿನೀರಿನಲ್ಲಿ ಅದ್ದಿ ಮೆಲ್ಲಗೆ ಚಾಚಿಸಬೇಕಾಗುತ್ತದೆ.

ಮನೆಯಲ್ಲಿ ಬಳಸಲು ಬ್ಯಾಟರಿಯ ಚಿಕ್ಕ ಯಂತ್ರವೊಂದನ್ನು ಕೊಂಡೆವು. ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಹೆಚ್ಚಾಗಿ ಸಿಗುವುದು ನೋವು ಶಮನಕ್ಕೆಂದೇ ಇರುವ ಟೆನ್ಸ್ ಯಂತ್ರ. ಅದರಲ್ಲಿ ಜುಮುಜುಮು ಅನ್ನಿಸುತ್ತದೆಯೇ ಹೊರತು, ಏರಿ ನಿಂತು ಇಳಿದು ಬಿಡುವು ಕೊಡುವ ಚಕ್ರ ಸಾಮಾನ್ಯವಾಗಿ ಇರುವುದಿಲ್ಲ. ಸ್ನಾಯು ಪ್ರಚೋದನೆಯ ವಿಧಾನ ಇದೆಯೇ, ಮಿಡಿತದ ಅವಧಿ, ಸೆಕೆಂಡಿಗೆ ಮಿಡಿತಗಳ ಸಂಖ್ಯೆ, ಬಿಡುವಿನ ಅವಧಿ ಮೂರನ್ನೂ ಬದಲಿಸಬಹುದೇ ಎಂದು ನೋಡಿಯೇ ತೆಗೆದುಕೊಳ್ಳಬೇಕು. ಕೆಲವು ಸಾವಿರ ರೂಪಾಯಿಗೆ ಇಂಥದ್ದು ಸಿಗುತ್ತದೆ. ಯಂತ್ರಕ್ಕಿಂತ ಹೆಚ್ಚು ತೊಂದರೆ ಕೊಡುವುದು ಪ್ಯಾಡ್‌ಗಳು: ಬಳಸಿದಂತೆ ಅಂಟು ಕಳೆದುಕೊಳ್ಳುತ್ತವೆ, ಅಂಟು ಹೋದ ಪ್ಯಾಡ್ ಚುಚ್ಚುತ್ತದೆ. ಬಳಸಿದ ಕೂಡಲೇ ಅದರ ಪ್ಲಾಸ್ಟಿಕ್ ಹಾಳೆಗೆ ಮರಳಿ ಅಂಟಿಸಿ ಚೀಲದಲ್ಲಿ ಮುಚ್ಚಿಟ್ಟರೆ ಬಾಳಿಕೆ ಬರುತ್ತವೆ. ತೆಗೆದ ಮೇಲೆ ಚರ್ಮ ತುಸು ಕೆಂಪಾಗಿ ಬೇಗ ಮಾಸುವುದು ಸಹಜ. ಮಾಸದಿದ್ದರೆ ಅಥವಾ ಗುಳ್ಳೆ ಎದ್ದರೆ ನಿಲ್ಲಿಸಿ ತೋರಿಸಬೇಕು. ಕುತ್ತಿಗೆಯ ಮುಂಭಾಗದ ಮೇಲೆ, ಎದೆಯ ಮೇಲೆ, ಗಾಯದ ಮೇಲೆ ಪ್ಯಾಡ್ ಇಡಲೇಬಾರದು. ಮನೆಯ ಮಕ್ಕಳು ಆಟಕ್ಕೆಂದು ತೆಗೆದುಕೊಳ್ಳದಂತೆ ಎತ್ತರದಲ್ಲಿಡುವುದು ಲೇಸು.

ಕೇಂದ್ರದ ಕೊರತೆಗಳನ್ನೂ ಹೇಳಬೇಕು. ಅದು ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಮೆಟ್ಟಿಲಿನ ಕಂಬಿ ಒಂದೇ ಬದಿಗೆ. ಹತ್ತುವಾಗ ಚಿಕ್ಕಪ್ಪನವರ ಎಡಗೈಗೆ ಸಿಗುತ್ತಿದ್ದ ಕಂಬಿ ಇಳಿಯುವಾಗ ಸೋತ ಬಲಗೈಯ ಕಡೆಗೆ ಬೀಳುತ್ತಿತ್ತು. ಅರ್ಧ ದೇಹ ಸೋತವರಿಗೆಂದೇ ಇರುವ ಕಡೆ ಇದು ಸಣ್ಣ ಲೋಪವಲ್ಲ, ಇನ್ನೊಂದು ಬದಿಗೂ ಕಂಬಿ ಹಾಕಿಸುವುದು ದೊಡ್ಡ ಖರ್ಚೂ ಅಲ್ಲ. ಸಂಜೆ ಜನ ಹೆಚ್ಚು, ಆಗ ಥೆರಪಿಸ್ಟ್ ಒಬ್ಬರೇ ಇಬ್ಬರನ್ನು ನೋಡಬೇಕಾಗುತ್ತದೆ. ಬೆಳಗಿನ ಸಮಯ ಕೇಳಿ ಪಡೆದರೆ ಪೂರ್ತಿ ಗಮನ ಸಿಗುತ್ತದೆ. ಆಲೂರು, ಸಕಲೇಶಪುರದ ಕಡೆಯಿಂದ ಬರುವವರಿಗೆ ಇದು ಹೆಚ್ಚು ಅನುಕೂಲ. 2023ರ ಶಕ್ತಿ ಯೋಜನೆಯಿಂದ ಜೊತೆಗೆ ಬರುವ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲದಿರುವುದು ಚಿಕ್ಕಮ್ಮನವರಿಗೆ ನಿಜಕ್ಕೂ ನೆರವಾಯಿತು.

ಬೆರಳು ಮತ್ತು ಮಣಿಕಟ್ಟು ತಾವಾಗಿಯೇ ಸಾಕಷ್ಟು ಬಿಡಿಸಿಕೊಳ್ಳುವವರಿಗೆ ಕರೆಂಟಿಗಿಂತ, ಸರಿಯಿರುವ ಕೈಯನ್ನು ಗವಸಿನಲ್ಲಿ ತಡೆದು ಸೋತ ಕೈಯಿಂದಲೇ ಕೆಲಸ ಮಾಡಿಸುವ ಅಭ್ಯಾಸ ಹೆಚ್ಚು ಉಪಯುಕ್ತ ಎಂದು ಈ ಕೇಂದ್ರದವರು ನಮ್ಮೆದುರೇ ಒಬ್ಬ ರೋಗಿಗೆ ಹೇಳಿ, ಯಂತ್ರ ಹಚ್ಚದೆ ಕಳುಹಿಸಿದರು. ಸೆಡೆತ ವಿಪರೀತವಾಗಿ ಕೀಲುಗಳೇ ಗಟ್ಟಿಯಾದವರನ್ನು ಮೊದಲು ನರರೋಗ ತಜ್ಞರ ಬಳಿಗೆ ಹೋಗಿ ಬರಲು ತಿಳಿಸುತ್ತಾರೆ. ನಮಗೆ ಇನ್ನೂ ಬೇಕಾಗಿರುವ ಸೇವೆ ಒಂದಿದೆ: ಮನೆಯ ಯಂತ್ರ ಬಳಸುವವರ ಪ್ಯಾಡಿನ ಜಾಗವನ್ನು ತಿಂಗಳಿಗೊಮ್ಮೆಯಾದರೂ ಮನೆಗೇ ಬಂದು ಪರೀಕ್ಷಿಸುವ ವ್ಯವಸ್ಥೆ. ಅದನ್ನು ಆರಂಭಿಸಿರೆಂದು ಕೇಂದ್ರದವರನ್ನು ಕೇಳಿಕೊಂಡಿದ್ದೇನೆ. ಆಲೂರಿನ ಕಡೆಗೆ ಕನಿಷ್ಠ ನಾಲ್ಕು ಮನೆಗಳವರು ಸೇರಿದರೆ ಬರುವುದಾಗಿ ಅವರು ಒಪ್ಪಿದ್ದಾರೆ.